ಅಪ್‌ಡೇಟ್: ವ್ಯಾನ್ ಒಳಗೆ ಎರಡು ಸೈಕಲ್, ಈಗ ಅಲುಗಾಟ ಇಲ್ಲ

ಮುಂದಿನ ಚಕ್ರ ಬಿಚ್ಚಿ ಎರಡು ಸೈಕಲ್‌ಗಳನ್ನು ವ್ಯಾನ್ ಒಳಗೆ ನೆಟ್ಟಗೆ ನಿಲ್ಲಿಸೋದು ಹೇಗೆ ಅಂತ ಕೇಳಿದ್ದೆ. ಹಳೇ ಮುಂದಿನ ಹಬ್ (ಚಕ್ರದ ನಟ್ಟನಡುವೆ ಅಚ್ಚು ಕೂರುವ ಭಾಗ) ಅನ್ನೇ ಹಲಗೆಗೆ ಕಚ್ಚಿಸಿ, ಅದಕ್ಕೆ ಸೈಕಲ್‌ನ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಸಿಕ್ಕಿಸಿ ಅಂದವರ ಸಲಹೆ ಫಲ ಕೊಟ್ಟಿತು, ತುಂಬಾ ಥ್ಯಾಂಕ್ಸ್.

18 ಮಿ.ಮೀ. ಪ್ಲೈವುಡ್, ಮೇಲೊಂದು ಮರದ ತುಂಡು, ಅದಕ್ಕೆ ಯು-ಬೋಲ್ಟ್‌ನಲ್ಲಿ ಬಿಗಿದ 100 ಮಿ.ಮೀ. ಅಗಲದ ಹಬ್. ಮರದ ತುಂಡು 85 ಮಿ.ಮೀ.ಗಿಂತ ಅಗಲ ಬೇಡ, ಫೋರ್ಕ್‌ನ ಕಾಲುಗಳಿಗೆ ತಾಗುತ್ತೆ. ಇನ್ನೊಂದು ಸೈಕಲ್‌ನದು 15 ಮಿ.ಮೀ. ಥ್ರೂ-ಆಕ್ಸಲ್ (ಫೋರ್ಕ್‌ನ ಆರ್‌ಪಾರ್ ತೂರಿಸುವ ದಪ್ಪ ಅಚ್ಚು), ಅದಕ್ಕೆ ಹಬ್ ಬದಲು ಅರ್ಧ ಇಂಚಿನ ಜಿಐ ಪೈಪ್ ಸರಿಯಾಗಿ 100 ಮಿ.ಮೀ. ಕತ್ತರಿಸಿದರೆ ಸಾಕು. ಒಳವ್ಯಾಸ ಸುಮಾರು 16 ಮಿ.ಮೀ. ಇರುವುದರಿಂದ ಆಕ್ಸಲ್ ಸಲೀಸಾಗಿ ತೂರುತ್ತೆ. ಕತ್ತರಿಸಿದ ಅಂಚಿಗೆ ಅರ ಹಾಕಿ, ಇಲ್ಲಾಂದ್ರೆ ಫೋರ್ಕ್ ಗೀಚುತ್ತೆ. ಬೂಸ್ಟ್ ಫೋರ್ಕ್ (ಇನ್ನೂ ಅಗಲದ್ದು) ಆದರೆ ಪೈಪ್ 110 ಮಿ.ಮೀ.

ಬಂಜಿ ಹಗ್ಗ ಕೆಲಸಕ್ಕೆ ಬರಲಿಲ್ಲ: ಹಂಪ್ ಸಿಕ್ಕಾಗೆಲ್ಲ ಹಿಗ್ಗಿ ಸೈಕಲ್ ತೂಗಾಡ್ತು. ಹಿಂಚಕ್ರಕ್ಕೆ ಹಿಗ್ಗದ ಪಟ್ಟಿಯೇ ಬೇಕು. ಮರದ ಸ್ಕ್ರೂಗಳೂ ಸಡಿಲಾದವು, ಯಾಕಂದ್ರೆ ಫೋರ್ಕ್ ಪಕ್ಕಕ್ಕೆ ವಾಲಿದಾಗ ಸ್ಕ್ರೂವನ್ನೇ ಮೀಟುತ್ತೆ. ಈಗ ಆರ್‌ಪಾರ್ ಎಂ8 (8 ಮಿ.ಮೀ. ದಪ್ಪದ) ಬೋಲ್ಟ್, ಅಡಿಯಲ್ಲಿ ಅಗಲ ವಾಷರ್. ಹಲಗೆಯನ್ನು ತೆಗೆದ ಸೀಟಿನ ಬೋಲ್ಟ್ ತೂತುಗಳಿಗೇ ಬಿಗಿದಿದೆ.

ನನಗೆ ಮೊದಲು ಗೊತ್ತಿಲ್ಲದ ಒಂದು ವಿಷಯ: ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿ. ಚಕ್ರ ಇಲ್ಲದಾಗ ಲಿವರ್ ಒತ್ತಿದರೆ ಪಿಸ್ಟನ್ ಮುಂದೆ ಬಂದು, ಆಮೇಲೆ ಡಿಸ್ಕ್ ಒಳಗೆ ಹೋಗಲ್ಲ.