ಮೊದಲ ಡ್ರೈಸೂಟ್ ಕೊಳ್ಳಬೇಕು: ಬಳಸಿದವರು ದಯವಿಟ್ಟು ಹೇಳಿ

ಪ್ರಶ್ನೆ, ಬರ್ಮಿಂಗ್‌ಹ್ಯಾಮ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದಲ್ಲಿ, ನೇತ್ರಾಣಿ ದ್ವೀಪದ ಹತ್ತಿರ. ಆಮೇಲೆ ಅಂಡಮಾನ್‌ನ ಹ್ಯಾವ್‌ಲಾಕ್‌ಗೂ ಹೋಗಿದ್ದೆ. ಎರಡೂ ಕಡೆ ಮೈಗೆ ಅಂಟಿ ಕೂರುವ ತೆಳು ರಬ್ಬರ್ ಉಡುಪು, 3 ಮಿ.ಮೀ. ವೆಟ್‌ಸೂಟ್ ಬೇಕಾದಷ್ಟಾಯಿತು. ಈಗ ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದಿದ್ದೇನೆ, ಕೆಲವು ವರ್ಷ ಇಲ್ಲೇ ಇರುತ್ತೇನೆ. ನನಗೆ ಹತ್ತಿರ ಇರುವುದು ಲೆಸ್ಟರ್‌ಶೈರ್‌ನ ಸ್ಟೋನಿ ಕೋವ್, ನೀರು ತುಂಬಿದ ಹಳೇ ಕಲ್ಲುಗಣಿ. ಅಲ್ಲಿ ಬಾಡಿಗೆ ಡ್ರೈಸೂಟ್, ಅಂದರೆ ಒಳಗೆ ನೀರು ಬಿಡದ ಉಡುಪು, ಹಾಕಿ ಇಳಿದೆ. ಚಳಿಯೇನೋ ತಡೆಯಿತು. ಆದರೆ ಸೂಟ್ ಕಾಲಿನ ಹತ್ತಿರ ದೊಗಳೆ, ಕುತ್ತಿಗೆ ಮಾತ್ರ ಬಿಗಿ. ಎಡಗೈ ಮೊಣಕೈವರೆಗೆ ಒದ್ದೆ.

ಸ್ವಂತದ್ದು ತಗೊಳ್ಳೋಣ ಅಂತಿದ್ದೇನೆ. 1000 ಪೌಂಡ್ ಒಳಗೆ ಆದರೆ ಒಳ್ಳೆಯದು. ರಬ್ಬರ್ ನೊರೆಯ ನಿಯೋಪ್ರೀನ್ ತಗೊಳ್ಳಲಾ, ತೆಳು ಬಟ್ಟೆಯ ಮೆಂಬ್ರೇನ್ ತಗೊಳ್ಳಲಾ? ಜಿಪ್ ಮುಂದೆ ಇರಬೇಕಾ, ಹಿಂದೆ ಇರಬೇಕಾ? ಸೆಕೆಂಡ್ ಹ್ಯಾಂಡ್ ನಡೆಯುತ್ತಾ? ನನ್ನ ಎತ್ತರ ಐದು ಅಡಿ ನಾಲ್ಕು ಇಂಚು, ಹೊಟ್ಟೆ ಸ್ವಲ್ಪ ಮುಂದೆ. ಅಂಗಡಿಯಲ್ಲಿ ತೋರಿಸಿದ್ದೆಲ್ಲ ಕಾಲು ಉದ್ದ.

ಉತ್ತರ, ಎಡಿನ್‌ಬರೋದಿಂದ

ಸರ್, ನಿಮ್ಮ ಕೊನೆಯ ಸಾಲೇ ಎಲ್ಲಕ್ಕಿಂತ ಮುಖ್ಯ. ಬಟ್ಟೆ ಯಾವುದು, ಜಿಪ್ ಎಲ್ಲಿ ಅನ್ನುವುದೆಲ್ಲ ಆಮೇಲೆ. ಮೊದಲು ಅಳತೆ.

ಕಾರಣ ಹೇಳುತ್ತೇನೆ. ಡ್ರೈಸೂಟ್ ಒಳಗೆ ಗಾಳಿ ಇರುತ್ತದೆ. ಆ ಗಾಳಿ ಯಾವಾಗಲೂ ಮೇಲಿರುವ ಜಾಗ ಹುಡುಕಿಕೊಂಡು ಹೋಗುತ್ತದೆ. ಕಾಲು ಉದ್ದ, ಪಾದ ದೊಗಳೆ ಇದ್ದರೆ, ನೀವು ಸ್ವಲ್ಪ ತಲೆ ತಗ್ಗಿಸಿದ ಕೂಡಲೇ ಗಾಳಿ ಪೂರ್ತಿ ಕಾಲಿಗೆ ಹೋಗುತ್ತದೆ. ಗಾಳಿ ಬಿಡುವ ವಾಲ್ವ್ ಇರುವುದು ಎಡ ತೋಳಿನ ಮೇಲೆ. ಅಂದರೆ ಗಾಳಿ ಒಂದು ಕಡೆ, ಬಾಗಿಲು ಇನ್ನೊಂದು ಕಡೆ. ಮೇಲೇರುತ್ತಾ ಹೋದ ಹಾಗೆ ಒತ್ತಡ ಇಳಿದು ಆ ಗಾಳಿ ಹಿಗ್ಗುತ್ತದೆ. ಆಗ ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡು ಮೇಲಕ್ಕೆ ಚಿಮ್ಮುತ್ತೀರಿ. ದೊಗಳೆ ಬೂಟಾದರೆ ಫಿನ್ (ಕಾಲಿನ ಈಜುರೆಕ್ಕೆ) ಸಮೇತ ಕಾಲಿಂದ ಜಾರಿಹೋಗುವುದೂ ಉಂಟು. ಮೊಣಕಾಲು ಎದೆಗೆ ಎಳೆದು, ಲಾಗ ಹಾಕಿ ತಲೆ ಮೇಲೆ ಮಾಡಿ, ತೋಳಿನ ವಾಲ್ವ್‌ನಿಂದ ಗಾಳಿ ಬಿಡುವುದನ್ನು ಕೋರ್ಸಿನಲ್ಲಿ ಕಲಿಸುತ್ತಾರೆ. ಸೂಟ್ ಮೈಗೆ ಸರಿಯಾಗಿದ್ದರೆ ಈ ಕಸರತ್ತಿನ ಅಗತ್ಯ ತುಂಬಾ ಕಡಿಮೆ.

ಹಾಗಂತ ಬಿಗಿಯಾಗಿಯೂ ಇರಬಾರದು. ಅಳತೆ ನೋಡುವಾಗ ನೀವು ಚಳಿಗಾಲದಲ್ಲಿ ಸೂಟಿನ ಒಳಗೆ ಹಾಕುವ ಅತಿ ದಪ್ಪ ಬೆಚ್ಚನೆ ಉಡುಪು, ಅಂದರೆ ಅಂಡರ್‌ಸೂಟ್ ಹಾಕಿಯೇ ನೋಡಿ. ಕುಕ್ಕರಗಾಲಲ್ಲಿ ಕೂತು ನೋಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಹಾಕಿ ನಿಮ್ಮನ್ನೇ ತಬ್ಬಿಕೊಂಡು ನೋಡಿ. ಕೈ ತಲೆಯ ಹಿಂದೆ ಒಯ್ದು ಸಿಲಿಂಡರ್ ವಾಲ್ವ್ ಮುಟ್ಟುವ ಹಾಗೆ ಮಾಡಿ. ತೊಡೆಸಂದಿಯಲ್ಲಿ ಎಳೆದರೆ ಬೇಡ. ಅಂಗಡಿಯಲ್ಲಿ ಇದೆಲ್ಲ ಮಾಡಲು ನಾಚಿಕೆ ಆಗುತ್ತದೆ, ಆದರೂ ಮಾಡಿ.

ನಮ್ಮ ಕಡೆಯವರಿಗೆ ಇಲ್ಲಿನ ರೆಡಿಮೇಡ್ ಸೈಜ್ ಸಾಮಾನ್ಯವಾಗಿ ಹೊಂದುವುದಿಲ್ಲ. ಹೊಟ್ಟೆಗೆ ಸರಿಹೋದರೆ ಕಾಲು ಉದ್ದ, ಕಾಲಿಗೆ ಸರಿಹೋದರೆ ಹೊಟ್ಟೆ ಸಿಕ್ಕಿಕೊಳ್ಳುತ್ತದೆ. ನಿಮಗೆ ಅಳತೆ ಕೊಟ್ಟು ಹೊಲಿಸುವುದೇ ಒಳ್ಳೆಯದು. ಇಂಗ್ಲೆಂಡಿನಲ್ಲಿ ಸೀಸ್ಕಿನ್‌ನವರು ಕಡಿಮೆ ಬೆಲೆಗೆ ಅಳತೆ ಪ್ರಕಾರ ಮಾಡಿಕೊಡುತ್ತಾರೆ, ಇಲ್ಲಿ ಹೊಸಬರು ಅನೇಕರು ಅಲ್ಲಿಂದಲೇ ಶುರು ಮಾಡುತ್ತಾರೆ. ಆಟರ್, ಓ ತ್ರೀ ಕೂಡ ಇಲ್ಲಿಯವೇ, ಬೆಲೆ ಜಾಸ್ತಿ. ಪೋಲೆಂಡಿನ ಸಾಂಟಿ, ಫಿನ್ಲೆಂಡಿನ ಉರ್ಸೂಟ್ ಚೆನ್ನಾಗಿವೆ, ಆದರೆ ನಿಮ್ಮ ಬಜೆಟ್ಟಿಗೆ ನಿಲುಕುವುದಿಲ್ಲ.

ಇನ್ನು ಬಟ್ಟೆ. ಮೆಂಬ್ರೇನ್ ಅಥವಾ ಟ್ರೈಲ್ಯಾಮಿನೇಟ್ ಅನ್ನುವುದರಲ್ಲಿ ಎರಡು ಪದರ ನೈಲಾನ್ ಅಥವಾ ಪಾಲಿಯೆಸ್ಟರ್, ನಡುವೆ ಬ್ಯೂಟೈಲ್ ರಬ್ಬರ್. ಅದು ನೀರನ್ನು ತಡೆಯುತ್ತದೆ, ಅಷ್ಟೆ. ಚಳಿಯನ್ನು ತಡೆಯುವುದು ಒಳಗಿನ ಅಂಡರ್‌ಸೂಟ್. ನಿಮ್ಮ ಮೈ ಬಿಸಿಯನ್ನು ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ, ಹಾಗಾಗಿ ದುಡ್ಡನ್ನೆಲ್ಲ ಸೂಟಿಗೇ ಸುರಿದು ಒಳಗೆ ಹಳೇ ಜಾಗಿಂಗ್ ಪ್ಯಾಂಟ್ ಹಾಕಿದರೆ ಏನೂ ಪ್ರಯೋಜನ ಇಲ್ಲ. ಬಜೆಟ್ಟಿನಲ್ಲಿ ಕಾಲು ಭಾಗ ಅಂಡರ್‌ಸೂಟಿಗೆ ಎತ್ತಿಡಿ. ಮೈಗೆ ತಾಗುವ ಪದರ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಹತ್ತಿ ಬನಿಯನ್, ಹತ್ತಿ ಕಾಲುಚೀಲ ಬೇಡವೇ ಬೇಡ, ಬೆವರು ಹಿಡಿದುಕೊಂಡು ತಣ್ಣಗಾಗುತ್ತವೆ.

ನಮ್ಮ ಕರಾವಳಿಯ ಸೇಂಟ್ ಆಬ್ಸ್ ಕಡೆ ಚಳಿಗಾಲದ ಕೊನೆಗೆ ನೀರು 5–6 ಡಿಗ್ರಿ, ಆಗಸ್ಟ್ ಸೆಪ್ಟೆಂಬರಿನಲ್ಲಿ 13–14. ಒಂದೇ ಮೆಂಬ್ರೇನ್ ಸೂಟ್, ಒಳಗಿನ ಪದರ ಮಾತ್ರ ಬದಲಾಯಿಸುತ್ತೇನೆ. ಅದಕ್ಕೇ ನನ್ನ ಓಟು ಮೆಂಬ್ರೇನ್‌ಗೆ.

ಉತ್ತರ, ಪ್ಲಿಮತ್‌ನಿಂದ

ಎಡಿನ್‌ಬರೋದವರು ಹೇಳಿದ ಅಳತೆ ವಿಷಯಕ್ಕೆ ನನ್ನದೂ ಸಹಿ. ಬಟ್ಟೆ ವಿಷಯಕ್ಕೆ ಇಲ್ಲ.

ನನ್ನದು ಕಂಪ್ರೆಸ್ಡ್ ನಿಯೋಪ್ರೀನ್. ಮೈ ಜೊತೆ ಹಿಗ್ಗುತ್ತದೆ, ಹಾಗಾಗಿ ಅಷ್ಟು ದೊಗಳೆ ಬೇಕಾಗುವುದಿಲ್ಲ. ಈಜಲು ಹಗುರ. ಒಳಗೆ ತೆಳು ಅಂಡರ್‌ಸೂಟ್ ಸಾಕು. ಮುಖ್ಯವಾಗಿ, ಸೀಲ್ (ಕುತ್ತಿಗೆ, ಮಣಿಕಟ್ಟಿನಲ್ಲಿ ನೀರು ತಡೆಯುವ ಪಟ್ಟಿ) ಹರಿದು ನೀರು ನುಗ್ಗಿದರೂ ನಿಯೋಪ್ರೀನ್ ಸ್ವಲ್ಪ ಬೆಚ್ಚಗೇ ಇಡುತ್ತದೆ. ಮೆಂಬ್ರೇನ್‌ನಲ್ಲಿ ಹಾಗಾದರೆ ದೋಣಿ ಹತ್ತುವಷ್ಟರಲ್ಲಿ ಹಲ್ಲು ಕಟಕಟ.

ಒಂದು ಎಚ್ಚರಿಕೆ. ಮಾಮೂಲಿ 7 ಮಿ.ಮೀ. ನಿಯೋಪ್ರೀನ್‌ದು ಬೇರೆ, ಕಂಪ್ರೆಸ್ಡ್ ಅಥವಾ ಕ್ರಶ್ಡ್ ನಿಯೋಪ್ರೀನ್‌ದು ಬೇರೆ. ಮಾಮೂಲಿಯಲ್ಲಿ ಗಾಳಿಗುಳ್ಳೆಗಳು ತುಂಬಿರುತ್ತವೆ. 20 ಮೀಟರಿನಲ್ಲಿ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟು. ಗುಳ್ಳೆಗಳು ಚಪ್ಪಟೆಯಾಗಿ ಬಟ್ಟೆ ತೆಳ್ಳಗಾಗುತ್ತದೆ. ಮೇಲೆ ತೇಲಿಸುತ್ತದೆ, ಕೆಳಗೆ ಮುಳುಗಿಸುತ್ತದೆ, ಚಳಿ ತಡೆಯುವುದೂ ಕಡಿಮೆ. ಕಂಪ್ರೆಸ್ಡ್‌ನಲ್ಲಿ ಈ ಕಾಟ ತುಂಬಾ ಕಡಿಮೆ, ಮೊದಲೇ ಒತ್ತಿಟ್ಟಿರುತ್ತಾರಲ್ಲ.

ತೊಂದರೆ ಇಲ್ಲವೇ ಅಂದರೆ ಇದೆ. ಹೊರಲು ಭಾರ. ಒಣಗಲು ಯಾವ ಕಾಲ. ವಿಮಾನದಲ್ಲಿ ಒಯ್ಯುವವರಿಗೆ ಬೇಡ. ನಾನು ಕಾರಿನಲ್ಲಿ ಹಾಕಿಕೊಂಡು ಹತ್ತಿರದ ತೀರಕ್ಕೆ ಹೋಗುವವನು, ನನಗೆ ಇದೇ ಸರಿ.

ಉತ್ತರ, ಎಡಿನ್‌ಬರೋದಿಂದ

ನಿಮ್ಮಲ್ಲಿ ಬೇಸಿಗೆಯಲ್ಲಿ ನೀರು 16–17 ಮುಟ್ಟುತ್ತದೆ ಸರ್, ನೀವು ಹಾಗನ್ನುವುದೇ! ಸ್ಟೋನಿ ಕೋವ್‌ನಲ್ಲಿ ಜನವರಿಗೆ ಇಳಿಯುವವರಿಗೆ ಅದೇ ಲೆಕ್ಕ ಆಗುವುದಿಲ್ಲ.

ಉತ್ತರ, ನಾರ್ವೆಯ ಸ್ಟಾವಾಂಗರ್‌ನಿಂದ

ಸೀಲ್ ಬಗ್ಗೆ ಯಾರೂ ಬರೆದಿಲ್ಲ, ಬರೆಯುತ್ತೇನೆ. ನಿಮ್ಮ ಎಡಗೈ ಒದ್ದೆಯಾದದ್ದಕ್ಕೂ ಉತ್ತರ ಇಲ್ಲೇ ಇದೆ.

ಮಣಿಕಟ್ಟಿನ ಒಳಭಾಗದಲ್ಲಿ ನರದ ಹಾಗೆ ಕಾಣುವ ಎರಡು ಸ್ನಾಯುದಾರ ಇವೆಯಲ್ಲ, ಮುಷ್ಟಿ ಬಿಗಿದರೆ ಎದ್ದು ನಿಲ್ಲುತ್ತವೆ. ನಡುವೆ ಕಾಲುವೆ ಆಗುತ್ತದೆ, ನೀರು ಅಲ್ಲಿಂದ ಬರುತ್ತದೆ. ಟಾರ್ಚನ್ನು, ಕ್ಯಾಮೆರಾವನ್ನು ಗಟ್ಟಿಯಾಗಿ ಹಿಡಿಯುವ ಕೈಯೇ ಒದ್ದೆ ಆಗುವುದು ಇದಕ್ಕೆ. ಸಣಕಲು ಮಣಿಕಟ್ಟಿನವರಿಗೆ ಜಾಸ್ತಿ. ಸೀಲನ್ನು ಇನ್ನೂ ಸ್ವಲ್ಪ ಮೇಲೆ, ತೋಳಿನ ಕಡೆ ಎಳೆದು ಕೂರಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಸೀಲ್ ಮೂರು ಥರ. ಲೇಟೆಕ್ಸ್ ಮೆತ್ತಗೆ, ಚೆನ್ನಾಗಿ ಹಿಡಿಯುತ್ತದೆ, ಅಗ್ಗ. ಆದರೆ ಬಿಸಿಲು, ಎಣ್ಣೆ, ಉಗುರು ಯಾವುದೂ ಆಗುವುದಿಲ್ಲ, ಕೆಲವು ವರ್ಷಕ್ಕೆ ಅಂಟಂಟಾಗಿ ಹಾಳಾಗುತ್ತದೆ. ಕೆಲವರಿಗೆ ಅಲರ್ಜಿ ಕೂಡ. ನಿಯೋಪ್ರೀನ್ ಸೀಲ್ ಗಟ್ಟಿ, ಬೆಚ್ಚಗೆ, ಸ್ವಲ್ಪ ಒಸರುತ್ತದೆ. ಸಿಲಿಕೋನ್ ಹಾಕಿಕೊಳ್ಳಲು ತುಂಬಾ ಹಿತ, ಆದರೆ ಅಂಟಿಗೆ ಕೂರುವುದಿಲ್ಲ, ಅದಕ್ಕೆ ರಿಂಗ್ ವ್ಯವಸ್ಥೆಯೇ ಬೇಕು, ಅಂದರೆ ಸೂಟಿಗೆ ಕೂರಿಸಿದ ಗಟ್ಟಿ ಬಳೆಗೆ ಸೀಲ್ ಸಿಕ್ಕಿಸುವುದು. ಕುತ್ತಿಗೆಗೆ ರಿಂಗ್ ಹಾಕಿಸಿ, ದುಡ್ಡು ಹೋದರೂ ಪರವಾಗಿಲ್ಲ. ಸೀಲ್ ಹರಿದರೆ ದೋಣಿಯಲ್ಲೇ ಹತ್ತು ನಿಮಿಷಕ್ಕೆ ಬದಲಾಯಿಸಬಹುದು. ರಿಂಗ್ ಇಲ್ಲದಿದ್ದರೆ ಅವತ್ತಿನ ಡೈವ್ ಹೋಯಿತು, ಸೂಟ್ ರಿಪೇರಿಗೆ.

ಕುತ್ತಿಗೆ ಬಿಗಿ ಅಂದಿರಿ. ಅದನ್ನು ಸುಮ್ನೆ ಸಹಿಸಬೇಡಿ. ಕುತ್ತಿಗೆಯ ರಕ್ತನಾಳ ಒತ್ತಿದರೆ ತಲೆ ಸುತ್ತುತ್ತದೆ, ಎಚ್ಚರ ತಪ್ಪಬಹುದು. ಹೊಸ ಲೇಟೆಕ್ಸ್ ಸೀಲ್ ಮೇಲೆ ಉಂಗುರ ಉಂಗುರವಾಗಿ ಗೆರೆ ಇರುತ್ತದೆ. ಹರಿತ ಕತ್ತರಿಯಿಂದ ಒಂದೊಂದೇ ಗೆರೆ ಕತ್ತರಿಸಿ, ಹಾಕಿ ನೋಡಿ, ಬೇಕಾದರೆ ಇನ್ನೊಂದು. ಅಂಚಿನಲ್ಲಿ ಕಚ್ಚು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ, ಅಂಗಡಿಯವರ ಕೈಯಲ್ಲೇ ಮಾಡಿಸಿದರೂ ಆಯಿತು.

ಈಗ ಹೆಂಗಸರಿಗೆ ಎರಡು ಮಾತು, ಯಾರಾದರೂ ಮುಂದೆ ಓದುತ್ತಾರೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಲೇಟೆಕ್ಸ್ ಕುತ್ತಿಗೆ ಸೀಲ್ ಹಾಕಬೇಡಿ, ಎಣ್ಣೆ ಅದನ್ನು ತಿನ್ನುತ್ತದೆ. ಸೀಲ್ ಕೆಳಗೆ ನಾಲ್ಕು ಕೂದಲೆಳೆ ಸಿಕ್ಕರೂ ನೀರು ಇಳಿಯುತ್ತದೆ, ಜಡೆಯನ್ನು ಎತ್ತಿ ಕಟ್ಟಿ. ಬಳೆ, ಉಂಗುರ, ಓಲೆ, ತಾಳಿಸರ ಎಲ್ಲ ತೆಗೆದಿಡಿ. ಸರ ತೆಗೆಯಲು ಮನಸ್ಸಿಲ್ಲದಿದ್ದರೆ ಅದು ಪೂರ್ತಿ ಅಂಡರ್‌ಸೂಟ್ ಒಳಗೆ, ಸೀಲಿಗಿಂತ ಕೆಳಗೆ ಇರಲಿ. ಸೂಟ್ ಹೆಂಗಸರ ಅಳತೆಯದ್ದೇ ಕೇಳಿ. ಗಂಡಸರ ಸಣ್ಣ ಸೈಜ್ ಕೊಟ್ಟು ಕಳಿಸುವ ಅಂಗಡಿಗಳಿವೆ, ಸೊಂಟದಲ್ಲಿ ಸಿಕ್ಕಿಕೊಂಡು ಭುಜದಲ್ಲಿ ನೇತಾಡುತ್ತದೆ.

ಮತ್ತೆ ಕೈ. ಮೈ ಬೆಚ್ಚಗಿದ್ದರೂ ಬೆರಳು ಮರಗಟ್ಟಿದರೆ ಗುಂಡಿ ಒತ್ತಲು ಆಗುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ನಾನು ರಿಂಗ್‌ಗೆ ಕೂರುವ ಡ್ರೈ ಗ್ಲವ್ ಹಾಕುತ್ತೇನೆ, ಒಳಗೆ ಉಣ್ಣೆ ಗ್ಲವ್. ನಿಮಗೆ ಸದ್ಯಕ್ಕೆ 5 ಮಿ.ಮೀ. ಒದ್ದೆ ಗ್ಲವ್ ಸಾಕು.

ಉತ್ತರ, ಮ್ಯಾಂಚೆಸ್ಟರ್‌ನಿಂದ

ಸೆಕೆಂಡ್ ಹ್ಯಾಂಡ್ ಬಗ್ಗೆ. ನಾನು ಹಾಗೇ ತಗೊಂಡದ್ದು, ಚೆನ್ನಾಗಿ ನಡೆಯುತ್ತಿದೆ. ಆದರೆ ನೋಡದೆ ಆನ್‌ಲೈನ್‌ನಲ್ಲಿ ತಗೊಳ್ಳಬೇಡಿ.

ಮೊದಲು ಜಿಪ್ ನೋಡಿ. ಅದರ ಖರ್ಚೇ ದೊಡ್ಡದು, ಬದಲಾಯಿಸಲು 200 ಪೌಂಡ್ ಆಸುಪಾಸು, ಕೆಲವೊಮ್ಮೆ ಜಾಸ್ತಿ. ಹಿತ್ತಾಳೆ ಜಿಪ್ ಆದರೆ ಬಾಗಿಸಿ, ಹಲ್ಲು ಕಿತ್ತಿದೆಯಾ, ಪಕ್ಕದ ಬಟ್ಟೆ ಬಿರಿದಿದೆಯಾ ನೋಡಿ. ಪ್ಲಾಸ್ಟಿಕ್ ಜಿಪ್ ಹಗುರ, ಬಾಗುತ್ತದೆ, ಆದರೆ ಕೈಕೊಟ್ಟರೆ ಮುನ್ಸೂಚನೆ ಕೊಡುವುದಿಲ್ಲ. ಅದರ ತುದಿಗೆ ಸಿಲಿಕೋನ್ ಗ್ರೀಸ್ ಹಚ್ಚುತ್ತಿರಬೇಕು. ಹಿತ್ತಾಳೆಯದಕ್ಕೆ ಮೇಣ, ಅದೂ ಹೊರಗಿನಿಂದ ಮಾತ್ರ.

ಆಮೇಲೆ ಸೋರುವಿಕೆ. ಕೈ ಸೀಲಿಗೆ ಎರಡು ಬಾಟಲಿ, ಕುತ್ತಿಗೆಗೆ ಒಂದು ಚೆಂಡು ತೂರಿಸಿ, ಜಿಪ್ ಹಾಕಿ, ಸಿಲಿಂಡರಿನ ಗಾಳಿಯನ್ನು ಸೂಟಿಗೆ ಬಿಡುವ ಎದೆಯ ವಾಲ್ವ್, ಅಂದರೆ ಇನ್‌ಫ್ಲೇಟರ್‌ನಿಂದ ಗಾಳಿ ತುಂಬಿಸಿ. ಸೋಪು ನೀರು ಚಿಮುಕಿಸಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ಹಾಗೆಯೇ, ಗುಳ್ಳೆ ಎದ್ದಲ್ಲಿ ತೂತು. ಮಾರುವವರು ಇದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಸೀಲ್ ಹಳತಾಗಿದ್ದರೆ ಹೆದರಬೇಡಿ, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಇನ್ನೊಂದು, ದೋಣಿ ಓಡಿಸುವವರ, ಕಯಾಕ್‌ನವರ ಡ್ರೈಸೂಟ್ ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಇನ್‌ಫ್ಲೇಟರ್ ಇಲ್ಲ, ಗಾಳಿ ಬಿಡುವ ವಾಲ್ವ್ ಇಲ್ಲ. ಡೈವಿಂಗಿಗೆ ಅದು ಅಲ್ಲ.

ಜಿಪ್ ಮುಂದೆ ಅಡ್ಡಲಾಗಿ ಇದ್ದರೆ ನೀವೇ ಹಾಕಿಕೊಳ್ಳಬಹುದು. ಹಿಂದೆ ಇದ್ದರೆ ಪ್ರತಿ ಸಲ ಜೊತೆಗೆ ಇಳಿಯುವವರ ಸಹಾಯ ಬೇಕು. ಎರಡು ಡೈವ್ ನಡುವೆ ಮೂತ್ರಕ್ಕೆ ಹೋಗುವಾಗ ಈ ವ್ಯತ್ಯಾಸ ತಿಳಿಯುತ್ತದೆ, ಅಲ್ವಾ!

ಪ್ರಶ್ನೆ ಕೇಳಿದವರು, ಬರ್ಮಿಂಗ್‌ಹ್ಯಾಮ್‌ನಿಂದ

ತುಂಬಾ ಥ್ಯಾಂಕ್ಸ್. ಅಳತೆ ಕೊಟ್ಟು ಮೆಂಬ್ರೇನ್ ಹೊಲಿಸುವುದು, ಮುಂದೆ ಜಿಪ್, ಕುತ್ತಿಗೆಗೆ ರಿಂಗ್ ಅಂತ ಯೋಚಿಸಿದ್ದೇನೆ. ಇನ್ನೆರಡು ಅನುಮಾನ. ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಎಷ್ಟು ಬೇಕಾಗುತ್ತದೆ? ಮುಂದಿನ ವರ್ಷ ಐಸ್‌ಲ್ಯಾಂಡಿನ ಸಿಲ್ಫ್ರಾ ಅನ್ನುವ, ನೀರು ತುಂಬಿದ ಬಂಡೆ ಬಿರುಕಿಗೆ ಹೋಗುವ ಆಸೆ, ಅಲ್ಲಿಗೆ ಇದೇ ಸೂಟ್ ಸಾಕಾ?

ಉತ್ತರ, ಸ್ಟಾವಾಂಗರ್‌ನಿಂದ

ಸಿಲ್ಫ್ರಾದಲ್ಲಿ ನೀರು ವರ್ಷಪೂರ್ತಿ 2–4 ಡಿಗ್ರಿ. ಡ್ರೈಸೂಟ್ ಕಡ್ಡಾಯ. ಕರೆದೊಯ್ಯುವವರೇ ಸೂಟ್ ಕೊಡುತ್ತಾರೆ, ಆದರೆ ಡ್ರೈಸೂಟ್ ಕೋರ್ಸಿನ ಕಾರ್ಡ್ ಅಥವಾ ಡ್ರೈಸೂಟಿನಲ್ಲಿ ಇಳಿದ ದಾಖಲೆ ಕೇಳುತ್ತಾರೆ. ಅದಕ್ಕೇ ಲಾಗ್‌ಬುಕ್‌ನಲ್ಲಿ ಪ್ರತಿ ಸಲ ಸೂಟ್ ಯಾವುದು ಅಂತ ಬರೆದಿಡಿ. ನಿಮ್ಮ ಸೂಟ್ ಒಯ್ದರೆ ಒಳಗೆ ಇನ್ನೊಂದು ದಪ್ಪ ಪದರ ಸೇರಿಸಿ.

ಉತ್ತರ, ಎಡಿನ್‌ಬರೋದಿಂದ

ತೂಕ ಹೀಗೇ ಅಂತ ಹೇಳಲು ಬರುವುದಿಲ್ಲ. ಅಂಡರ್‌ಸೂಟ್ ದಪ್ಪ ಇದ್ದಷ್ಟೂ ಜಾಸ್ತಿ ಬೇಕು, ಗಣಿಯ ಸಿಹಿನೀರಿಗಿಂತ ಸಮುದ್ರದಲ್ಲಿ ಜಾಸ್ತಿ ಬೇಕು. ನೇತ್ರಾಣಿಯ ಲೆಕ್ಕ ಮರೆತುಬಿಡಿ, ಇಲ್ಲಿ 10 ಕಿಲೋ ದಾಟುವವರು ಎಷ್ಟೋ ಜನ.

ನೋಡುವ ಕ್ರಮ ಇಷ್ಟು. ಡೈವ್ ಕೊನೆಗೆ, ಸಿಲಿಂಡರಿನಲ್ಲಿ 50 ಬಾರ್ ಉಳಿದಾಗ, 5–6 ಮೀಟರಿನಲ್ಲಿ ನಿಲ್ಲಿ. ತೋಳಿನ ವಾಲ್ವ್ ಪೂರ್ತಿ ತೆರೆದಿರಲಿ, ಬಿಸಿಡಿ (ಗಾಳಿ ತುಂಬಿಸಿ ತೇಲುವ ಜಾಕೆಟ್) ಖಾಲಿ ಇರಲಿ. ಸೂಟ್ ಮೈಗೆ ಹಿಸುಕದಷ್ಟು ಗಾಳಿ ಮಾತ್ರ ಒಳಗೆ ಇದ್ದು, ಅಲ್ಲೇ ನಿಲ್ಲಲು ಆದರೆ ತೂಕ ಸರಿ. ಮೇಲೆ ಹೋಗುತ್ತಿದ್ದರೆ ಇನ್ನೊಂದು ಕಿಲೋ ಸೇರಿಸಿ. ಹೆದರಿ ಒಮ್ಮೆಗೇ ನಾಲ್ಕು ಕಿಲೋ ಸೇರಿಸಬೇಡಿ. ಜಾಸ್ತಿ ತೂಕಕ್ಕೆ ಜಾಸ್ತಿ ಗಾಳಿ ತುಂಬಿಸಬೇಕು, ಆ ಗಾಳಿಯೇ ಆಮೇಲೆ ಕಾಲಿಗೆ ಓಡುತ್ತದೆ.

ಹೊಸ ಸೂಟ್ ಬಂದ ಮೇಲೆ ಮೊದಲು ಸ್ಟೋನಿ ಕೋವ್‌ನ 6 ಮೀಟರಿನ ಕಟ್ಟೆಯ ಮೇಲೆ ಒಂದು ದಿನ ಕಳೆಯಿರಿ, ಜೊತೆಗೆ ತರಬೇತುದಾರರು ಇರಲಿ. ಎದೆಯ ಮೇಲಿನ ಇನ್‌ಫ್ಲೇಟರ್ ಸಿಕ್ಕಿಹಾಕಿಕೊಂಡು ಗಾಳಿ ನುಗ್ಗುತ್ತಲೇ ಇದ್ದರೆ ಅದರ ಹೋಸ್ ಕಳಚುವುದನ್ನು ಕಣ್ಣು ಮುಚ್ಚಿ ಮಾಡಲು ಬರಬೇಕು, ಗ್ಲವ್ ಹಾಕಿಕೊಂಡು. ಫಿನ್ ಕೂಡ ನೋಡಿಕೊಳ್ಳಿ, ಅಂಡಮಾನಿಗೆ ತಗೊಂಡಿದ್ದು ಡ್ರೈಸೂಟ್ ಬೂಟಿಗೆ ಹಿಡಿಸುವುದಿಲ್ಲ, ಒಂದು ಸೈಜ್ ದೊಡ್ಡದು ಬೇಕು. ಅದರ ದುಡ್ಡನ್ನೂ 1000 ಪೌಂಡ್ ಒಳಗೇ ಲೆಕ್ಕ ಹಾಕಿ.