ಹದಿನಾಲ್ಕು ಕೋರ್ಸ್ ಕೊಂಡಿದ್ದೇನೆ, ಒಂದೂ ಮುಗಿದಿಲ್ಲ. ಯಾವುದನ್ನು ಹಿಡಿಯಲಿ?

ಬಿಸಿಲೂರು ಹುಡುಗ (ರಾಯಚೂರು)

ಎಲ್ಲರಿಗೂ ನಮಸ್ಕಾರ. ಹುಡುಗ ಅಂತ ಹೆಸರಿಟ್ಟುಕೊಂಡರೂ ವಯಸ್ಸು 33. ಒಂಬತ್ತು ವರ್ಷದಿಂದ ಡೆವಲಪರ್. ಬೆಂಗಳೂರಲ್ಲಿದ್ದೆ, ಕೊರೊನಾ ಸಮಯದಲ್ಲಿ ಊರಿಗೆ ಬಂದವನು ಇಲ್ಲೇ ಉಳಿದೆ. ಮಹಡಿ ಮೇಲೆ ಒಂದು ರೂಮು, ಒಂದು ಕೂಲರ್, ಒಂದು ಯುಪಿಎಸ್. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಕೂಲರ್ ಕೂಡ ಬಿಸಿಗಾಳಿಯನ್ನೇ ಊದುತ್ತದೆ. ಆಗ ಅಡುಗೆಮನೆಯ ಸ್ಟೀಲ್ ತಟ್ಟೆ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಡುತ್ತೇನೆ. ಊಟದ ಹೊತ್ತಿಗೆ ಅಮ್ಮ ಬಂದು ತಟ್ಟೆ ಕೇಳುತ್ತಾರೆ.

ಕೆಲಸ ಜಾವಾ 8 ಭಾಷೆ, ಅದರಲ್ಲಿ ವೆಬ್ ಆ್ಯಪ್ ಕಟ್ಟುವ ಸ್ಪ್ರಿಂಗ್ ಬೂಟ್ 2. ಬಳಸುವವರಿಗೆ ಕಾಣುವ ಮುಂದಿನ ಭಾಗ ಆಂಗ್ಯುಲರ್‌ಜೆಎಸ್. ಹೌದು, 2022ರ ಜನವರಿಗೇ ಗೂಗಲ್ ಕೈಬಿಟ್ಟ ಆ ಹಳೆಯದೇ. ಟಿಕೆಟ್ (ದೂರು) ಬರುತ್ತದೆ, ಸರಿಮಾಡುತ್ತೇನೆ, ಮುಚ್ಚುತ್ತೇನೆ.

ಕಳೆದ ತಿಂಗಳು ಒಂದು ಕಂಪನಿಗೆ ಇಂಟರ್‌ವ್ಯೂ ಕೊಟ್ಟೆ. ಅರ್ಧ ಗಂಟೆ ಚೆನ್ನಾಗೇ ಹೋಯಿತು. ಆಮೇಲೆ ಅವರು ಕೇಳಿದರು: "ಒಂದು ಪೇಜ್ ತುಂಬಾ ನಿಧಾನ ಅಂತ ಗ್ರಾಹಕರ ಕಂಪ್ಲೇಂಟ್. ಮೊದಲು ಏನು ಮಾಡ್ತೀರಿ?" ರೆಡಿಸ್ ಹಾಕಿ ಕ್ಯಾಶ್ ಮಾಡುತ್ತೇನೆ, ಅಂದರೆ ಒಮ್ಮೆ ತಂದ ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತೇನೆ ಅಂದೆ. "ಎಲ್ಲಿ ನಿಧಾನ ಅಂತ ನೋಡದೇನಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂಲರ್ ಸದ್ದು ಮಾತ್ರ ಅವರಿಗೆ ಕೇಳಿಸಿರಬೇಕು.

ಆ ರಾತ್ರಿಯೇ ಇನ್ನೆರಡು ಕೋರ್ಸ್ ಕೊಂಡೆ. ಒಟ್ಟು ಹದಿನಾಲ್ಕಾಯಿತು. ಕ್ಯೂಬರ್ನೆಟೀಸ್ (ಅನೇಕ ಸರ್ವರ್‌ಗಳಲ್ಲಿ ಆ್ಯಪ್ ಓಡಿಸುವ ವ್ಯವಸ್ಥೆ), ರಸ್ಟ್ ಭಾಷೆ, ಮಷೀನ್ ಲರ್ನಿಂಗ್, ಎಲ್ಲವೂ ಮೂರನೇ ಪಾಠಕ್ಕೆ ನಿಂತಿವೆ. ಅದರ ಮೇಲೆ ಕೋಡ್ ಎಲ್ಲ ಇನ್ನು ಎಐ ಬರೆಯುತ್ತದೆ ಅನ್ನೋ ಮಾತು. ಇಲ್ಲಿ ಇದನ್ನೆಲ್ಲ ಮಾತಾಡೋಕೆ ಒಬ್ಬರೂ ಇಲ್ಲ. ಗೆಳೆಯರೆಲ್ಲ ಗಂಜ್‌ನಲ್ಲಿ ಹತ್ತಿ ವ್ಯಾಪಾರದವರು. ಯಾವುದನ್ನು ಹಿಡಿಯಲಿ, ಹೇಳಿ.

ನೇರ ಮಾತು

ಕ್ಯೂಬರ್ನೆಟೀಸ್ ಕಲಿ ಗುರು. ಸಂಬಳ ಡಬಲ್. ಉಳಿದದ್ದೆಲ್ಲ ಟೈಮ್ ವೇಸ್ಟ್.

ಕಾಟಾ ಚೀಟಿ (ಗಂಗಾವತಿ)

ತಮ್ಮಾ, ಮೇಲಿನವರ ಮಾತು ಕೇಳಿ ಹದಿನೈದನೇ ಕೋರ್ಸ್ ಕೊಳ್ಳಬೇಡ. ನೀನು ಸೋತದ್ದು ಕ್ಯೂಬರ್ನೆಟೀಸ್ ಪ್ರಶ್ನೆಯಲ್ಲಿ ಅಲ್ಲವಲ್ಲ.

ನಾನು ರೈಸ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವನು. ಭತ್ತದ ಲಾರಿ ಕಾಟಾ ಮೇಲೆ ನಿಲ್ಲುತ್ತದೆ, ಒಟ್ಟು ತೂಕ, ಆಮೇಲೆ ಖಾಲಿ ಲಾರಿ ತೂಕ, ಚೀಟಿ ಬರುತ್ತದೆ. ಅಷ್ಟೇ ಕೆಲಸ. ಒಂದು ಮಿಲ್‌ನಲ್ಲಿ ವರ್ಷದ ರಿಪೋರ್ಟ್ ತೆಗೆಯಲು 40 ಸೆಕೆಂಡ್ ಬೇಕಾಗುತ್ತಿತ್ತು. ಸಾಹುಕಾರರು "ನಿನ್ನ ಕಂಪ್ಯೂಟರ್‌ಗಿಂತ ನಮ್ಮ ಗುಮಾಸ್ತನೇ ಜೋರು" ಅಂದರು, ಅದೂ ಗುಮಾಸ್ತನ ಎದುರಿಗೇ. ನಾನೂ ನಿನ್ನ ಹಾಗೆ ಹೊಸ ಸರ್ವರ್ ಕೊಡಿಸಿ ಅಂದೆ. ಕೊಡಿಸಲಿಲ್ಲ. ಬೇರೆ ದಾರಿ ಇಲ್ಲದೆ ಡೇಟಾಬೇಸ್‌ಗೆ ಕೇಳುವ ಆ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅಂತ ಹಾಕಿ ಓಡಿಸಿದೆ, ಅದು ಹೇಗೆ ಹುಡುಕುತ್ತಿದೆ ಅಂತ ತೋರಿಸುತ್ತದೆ. ಡೇಟಾಬೇಸ್ ಮೈಎಸ್‌ಕ್ಯುಎಲ್, ಟೈಪ್ ಅನ್ನೋ ಕಾಲಮ್‌ನಲ್ಲಿ 'ಆಲ್' ಅಂತ ಬಂತು. ಅಂದರೆ ಟೇಬಲ್ ಪೂರ್ತಿ ಓದುತ್ತಿದೆ. ತಾರೀಕಿಗೆ ಇಂಡೆಕ್ಸ್ (ಬೇಗ ಹುಡುಕಲು ಸಾಲಾಗಿಟ್ಟ ಪಟ್ಟಿ) ಇತ್ತು, ನಾನೇ ಹಾಕಿದ್ದೆ. ಆದರೂ ಬಳಸುತ್ತಿರಲಿಲ್ಲ.

ತಪ್ಪು ಎಲ್ಲಿತ್ತು ಗೊತ್ತಾ? ತಾರೀಕಿನಿಂದ ವರ್ಷ ತೆಗೆದು ಅದು 2023 ಇದೆಯಾ ಅಂತ ಕೇಳುತ್ತಿದ್ದೆ. ಖಾತೆ ಪುಸ್ತಕ ತಾರೀಕಿನ ಪ್ರಕಾರ ಸಾಲಾಗಿದ್ದರೂ ಒಂದೊಂದೇ ಸಾಲಿನ ಹತ್ತಿರ ಹೋಗಿ "ನಿಂದು ಯಾವ ವರ್ಷ?" ಅಂತ ವಿಚಾರಿಸಿದ ಹಾಗೆ. ಅದನ್ನು ಬಿಟ್ಟು, 2023ರ ಜನವರಿ 1ರಿಂದ ಶುರು, 2024ರ ಜನವರಿ 1ಕ್ಕೆ ಮುಂಚೆ ಅಂತ ಬರೆದೆ. ಸೀದಾ ಆ ಪುಟಕ್ಕೇ ಹೋಯಿತು. ಒಂದು ಸೆಕೆಂಡ್ ಕೂಡ ಇಲ್ಲ. ಸಾಹುಕಾರರು ಏನೂ ಅನ್ನಲಿಲ್ಲ, ಚಹಾ ತರಿಸಿದರು.

ಎಐ ನಾನೂ ಬಳಸುತ್ತೇನೆ. ಮೊನ್ನೆ ಇನ್ನೊಂದು ರಿಪೋರ್ಟ್ ಬರೆದುಕೊಡು ಅಂದರೆ ಅದೂ ವರ್ಷ ತೆಗೆಯುವ ಫಂಕ್ಷನ್ನನ್ನೇ ಹಾಕಿ ಕೊಟ್ಟಿತು! ನಾನು ಹಿಂದೆ ಪೆಟ್ಟು ತಿಂದಿದ್ದಕ್ಕೆ ಕಣ್ಣಿಗೆ ಬಿತ್ತು.

ನಿನ್ನ ಪ್ರಾಜೆಕ್ಟ್‌ನಲ್ಲೇ ಅತಿ ನಿಧಾನದ ಪೇಜ್ ಒಂದನ್ನು ಹಿಡಿ. ಮೊದಲು ಅಳೆದು ನೋಡು.

ಬಳ್ಳಾರಿ ಅಕ್ಕ

ಕಾಟಾ ಅಣ್ಣ ಹೇಳಿದ್ದು ಸರಿ, ಆದರೆ ಪೂರ್ತಿ ಒಪ್ಪಲ್ಲ. ಮಗು ಆದ ಮೇಲೆ ಎರಡು ವರ್ಷ ಮನೆಯಲ್ಲಿದ್ದೆ. ವಾಪಸ್ ಬಂದಾಗ ನನ್ನ ರೆಸ್ಯೂಮ್ ಯಾರೂ ತೆಗೆದು ನೋಡಲಿಲ್ಲ. ಒಂದು ಕ್ಲೌಡ್ ಸರ್ಟಿಫಿಕೇಟ್ ಮಾಡಿಕೊಂಡ ಮೇಲೆಯೇ ಫೋನ್ ಬರಲು ಶುರುವಾಗಿದ್ದು. ಅದರಲ್ಲಿ ಕಲಿತದ್ದರಲ್ಲಿ ಅರ್ಧ ಇವತ್ತಿಗೂ ಉಪಯೋಗಕ್ಕೆ ಬಂದಿಲ್ಲ ಅನ್ನೋದು ಬೇರೆ ಮಾತು. ಬಾಗಿಲು ತೆಗೆಸೋಕೆ ಒಂದು ಚೀಟಿ ಬೇಕಾಗುತ್ತದೆ. ಹದಿನಾಲ್ಕು ಬೇಡ, ಒಂದು ಸಾಕು.

ಬಿಸಿಲೂರು ಅವರೇ, ನಿಮ್ಮದು ಸ್ಪ್ರಿಂಗ್ ಬೂಟ್ 2 ಅಂದಿರಲ್ಲ. 3ಕ್ಕೆ ಏರಿಸುವ ಕೆಲಸವನ್ನು ನೀವೇ ಕೇಳಿ ತೆಗೆದುಕೊಳ್ಳಿ. ಅದು ಬಂದದ್ದು 2022ರ ನವೆಂಬರ್‌ನಲ್ಲಿ, ಕನಿಷ್ಠ ಜಾವಾ 17 ಬೇಕು. ನಮ್ಮ ಟೀಮ್‌ನಲ್ಲಿ ಯಾರಿಗೂ ಬೇಡವಾಗಿತ್ತು, ನಾನು ಹೊಸಬಳು, ನನ್ನ ತಲೆಗೆ ಕಟ್ಟಿದರು. ಕೋಡ್‌ನಲ್ಲಿ 'ಜಾವಾಎಕ್ಸ್' ಅನ್ನೋ ಹಳೆ ಹೆಸರು ಇದ್ದ ಕಡೆ 'ಜಕಾರ್ತಾ' ಅಂತ ಬದಲಿಸಿದರೆ ಆಯಿತು, ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು. ನಾವು ಬಳಸುತ್ತಿದ್ದ ಎರಡು ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಕೋಡ್) ಹಳೆ ಹೆಸರನ್ನೇ ಹುಡುಕುತ್ತಿದ್ದವು.

ಈ ಹೆಸರಿನ ರಗಳೆ ಯಾಕೆ ಅಂತ ಆಗ ಓದಿದೆ. ಜಾವಾದ ಒಡೆಯ ಕಂಪನಿ ಒರಾಕಲ್ 2017ರಲ್ಲಿ, ದೊಡ್ಡ ಆ್ಯಪ್‌ಗಳಿಗೆ ಬಳಸುವ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಷನ್‌ಗೆ ಒಪ್ಪಿಸಲು ಹೊರಟಿತು. ಆದರೆ ಜಾವಾಎಕ್ಸ್ ಅನ್ನೋ ಹೆಸರಲ್ಲಿ ಮುಂದೆ ಬದಲಾವಣೆ ಮಾಡಲು ಒಪ್ಪಿಗೆ ಸಿಗಲಿಲ್ಲ. ಅದಕ್ಕೇ 2020ರಲ್ಲಿ ಅದರ ಹೊಸ ರೂಪ ಜಕಾರ್ತಾ ಇಇ 9 ಬಂದಾಗ ಎಲ್ಲ ಹೆಸರೂ ಬದಲಾದವು. ವಕೀಲರ ಜಗಳ, ನಮ್ಮ ಮೂರು ವಾರ.

ಸಮಯದ ಮಾತು: ನನಗೆ ಸಿಗೋದು ಮಗು ಏಳುವ ಮುಂಚಿನ ನಲವತ್ತು ನಿಮಿಷ. ರಾತ್ರಿ ಓದಿದರೆ ಒಂದೂ ತಲೆಗೆ ಹೋಗಲ್ಲ. ಬಿಸಿಲೂರಿನವರಿಗೆ ಹೇಳಬೇಕಾ, ಬೆಳಿಗ್ಗೆ ಸ್ವಲ್ಪ ತಂಪೂ ಇರುತ್ತದೆ.

ಬಿಸಿಲೂರು ಹುಡುಗ (ರಾಯಚೂರು)

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಕಾಟಾ ಅಣ್ಣ, ನೀವು ಹೇಳಿದ ಹಾಗೆ ನಮ್ಮ ಆರ್ಡರ್ ಪಟ್ಟಿಯ ಪೇಜ್ ಹಿಡಿದೆ. ನಮ್ಮ ಜಾವಾ ಕೋಡ್‌ಗೂ ಡೇಟಾಬೇಸ್‌ಗೂ ನಡುವೆ ಇರುವ ಹೈಬರ್ನೇಟ್‌ನಲ್ಲಿ ಎಸ್‌ಕ್ಯುಎಲ್ ಲಾಗ್ (ಹೋಗುವ ಕ್ವೆರಿಗಳ ದಾಖಲೆ) ಆನ್ ಮಾಡಿ ಪೇಜ್ ಒಂದು ಸಲ ತೆರೆದೆ. ಲಾಗ್ ಮೇಲಕ್ಕೆ ಓಡುತ್ತಲೇ ಇತ್ತು. ಎಣಿಸಿದೆ, 51 ಕ್ವೆರಿ. 50 ಆರ್ಡರ್ ತರಲು ಒಂದು, ಆಮೇಲೆ ಪ್ರತಿ ಆರ್ಡರಿನ ಸಾಮಾನು ತರಲು ಒಂದೊಂದು. ನಾಲ್ಕು ವರ್ಷದಿಂದ ಇದೇ ಪೇಜಿನ ಟಿಕೆಟ್ ಮುಚ್ಚುತ್ತಿದ್ದೇನೆ!

ಆರ್ಡರನ್ನೂ ಸಾಮಾನನ್ನೂ ಒಟ್ಟಿಗೆ ತರುವ ಜಾಯಿನ್ ಫೆಚ್ ಹಾಕಿದೆ. ಒಂದೇ ಕ್ವೆರಿಗೆ ಬಂತು. ಖುಷಿಯಲ್ಲಿ ಅಮ್ಮನಿಗೂ ತೋರಿಸಿದೆ, ತಟ್ಟೆ ಕೊಡು ಅಂದರು. ಆದರೆ ಈಗ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರುತ್ತಿದೆ, ಪೇಜ್ ಮಾಡುವ (50-50ರಂತೆ ಕತ್ತರಿಸುವ) ಕೆಲಸವನ್ನು ಮೆಮೊರಿಯಲ್ಲೇ ಮಾಡುತ್ತಿದ್ದೇನೆ ಅಂತ. ಅಕ್ಕ, ಇದೇನು? ಬಿಟ್ಟರೆ ನಡೆಯುತ್ತಾ?

ಬಳ್ಳಾರಿ ಅಕ್ಕ

ಬಿಡಬೇಡಿ! ಅದು 50 ಅಲ್ಲ, ಎಲ್ಲ ಆರ್ಡರನ್ನೂ ಮೆಮೊರಿಗೆ ಎಳೆದುಕೊಂಡು ಅಲ್ಲಿ 50 ಕತ್ತರಿಸುತ್ತಿದೆ. ಮೊದಲು ಆ ಪೇಜಿನ 50 ಐಡಿ ಮಾತ್ರ ತನ್ನಿ, ಎರಡನೇ ಕ್ವೆರಿಯಲ್ಲಿ ಆ ಐಡಿಗಳಿಗೆ ಜಾಯಿನ್ ಫೆಚ್ ಹಾಕಿ. ಸಾಲಿನ ಕ್ರಮ ಎರಡರಲ್ಲೂ ಕೊಡಬೇಕು, ನಾನು ಮರೆತು ಒಂದು ದಿನ ಒದ್ದಾಡಿದ್ದೆ. ಮಾಡಿ ನೋಡಿ ಲಾಗ್ ಇಲ್ಲಿ ಹಾಕಿ.