ಲಂಡನ್ನಲ್ಲಿ ಕಂಟ್ರಿ ರೈಟರ್ಸ್ ರೌಂಡ್ ನೋಡಿ ಬಂದೆ. ನಮ್ಮ ತಾರಸಿ ಮೇಲೆ ಕನ್ನಡದಲ್ಲಿ ಮಾಡಿದರೆ ಜನ ಸುಮ್ನೆ ಕೂತು ಕೇಳುತ್ತಾರಾ?

ತಾರಸಿ ಗಿಟಾರು:

ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಮೊದಲೇ ಹೇಳಿಬಿಡುತ್ತೇನೆ.

ಮಾರ್ಚಲ್ಲಿ ಆಫೀಸ್ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದೆ. ಅಕ್ಕನ ಮಗಳು ಅಲ್ಲಿ ಓದುತ್ತಿದ್ದಾಳೆ. "ಮಾಮ, ನಿನಗೆ ಗಿಟಾರ್ ಹುಚ್ಚು ಅಲ್ವಾ, ಬಾ" ಅಂತ ಒಂದು ಪಬ್ಬಿನ ಮಹಡಿಗೆ ಕರೆದುಕೊಂಡು ಹೋದಳು. ಆ ವಾರ ಓ ಟೂ ಅರೀನಾ ಅನ್ನುವ ದೊಡ್ಡ ಸಭಾಂಗಣದಲ್ಲಿ ಕಂಟ್ರಿ ಟು ಕಂಟ್ರಿ ಉತ್ಸವ ಇತ್ತು. (ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಹಾಡಿನ ಶೈಲಿ.) 2013ರಲ್ಲಿ ಶುರುವಾಗಿದ್ದು, ಅಮೆರಿಕದ ದೊಡ್ಡ ದೊಡ್ಡ ಕಂಟ್ರಿ ಗಾಯಕರು ಬರುತ್ತಾರೆ. ಅದರ ಟಿಕೆಟ್ ಬೆಲೆ ನೋಡಿ ದೂರದಿಂದಲೇ ಕೈಮುಗಿದೆ. ನಾವು ಹೋಗಿದ್ದು ಅದಕ್ಕಲ್ಲ. ಊರಲ್ಲಿ ಜಾತ್ರೆ ನಡೆಯುವಾಗ ಪಕ್ಕದ ಬೀದಿಯಲ್ಲಿ ಸಣ್ಣ ಸಣ್ಣ ಭಜನೆ ನಡೆಯುತ್ತದಲ್ಲ, ಆ ಥರದ್ದು. ಅರವತ್ತು ಕುರ್ಚಿ ಇದ್ದಿರಬಹುದು. ನಾಲ್ಕು ಜನ ಹಾಡು ಬರೆಯುವವರು, ನಾಲ್ವರೂ ಬ್ರಿಟಿಷರು, ಸ್ಟೂಲ್ ಮೇಲೆ ಸಾಲಾಗಿ ಕೂತಿದ್ದರು. ಡ್ರಮ್ಸ್ ಇಲ್ಲ, ಬ್ಯಾಂಡ್ ಇಲ್ಲ. ಕೈಯಲ್ಲಿ ಗಿಟಾರು, ಕಾಲ ಬಳಿ ಒಂದು ಗ್ಲಾಸು.

ಒಬ್ಬರು ಈ ಹಾಡು ಎಲ್ಲಿಂದ ಬಂತು ಅಂತ ಎರಡು ಮಾತು ಹೇಳಿ ಹಾಡುತ್ತಾರೆ. ಆಮೇಲೆ ಪಕ್ಕದವರ ಸರದಿ. ಹೀಗೇ ನಾಲ್ಕೈದು ಸುತ್ತು. ಇದಕ್ಕೆ ರೈಟರ್ಸ್ ರೌಂಡ್ ಅನ್ನುತ್ತಾರಂತೆ.

ಮೂರನೆಯವಳು ಉತ್ತರ ಇಂಗ್ಲೆಂಡಿನವಳು. ಅವಳ ಅಪ್ಪ ಬೆಳಗಿನ ಜಾವ ಬ್ಯಾಟರಿ ಗಾಡಿಯಲ್ಲಿ ಮನೆಮನೆಗೆ ಹಾಲಿನ ಬಾಟಲಿ ಹಾಕುತ್ತಿದ್ದರಂತೆ. ಗಾಡಿಗೆ ಸದ್ದೇ ಇಲ್ಲ. ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು ಮಾತ್ರ. ಅದು ನಿಂತರೆ ಅಪ್ಪ ಯಾರದೋ ಮನೆ ಮುಂದೆ ಇಳಿದರು ಅಂತ ಲೆಕ್ಕ. ಇಷ್ಟು ಹೇಳಿ ಹಾಡು ಶುರು ಮಾಡಿದಳು. ಪ್ರತಿ ಸಾಲಿನ ಕೊನೆಗೆ ಅಂಗೈಯಿಂದ ತಂತಿಗಳನ್ನು ಒತ್ತಿ ಸದ್ದು ನಿಲ್ಲಿಸುತ್ತಿದ್ದಳು. ಮೊದಲು ಯಾಕೆ ಅಂತ ಹೊಳೆಯಲಿಲ್ಲ. ಎರಡನೇ ಚರಣಕ್ಕೆ ಹೊಳೆಯಿತು, ಗಾಡಿ ನಿಂತಿತು! ನಮ್ಮ ಬೀದಿಯ ನಂದಿನಿ ಬೂತಿನಲ್ಲಿ ಕ್ರೇಟ್ ಇಳಿಸುವ ಸದ್ದು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ಅದರ ಮೇಲೆ ಒಂದು ಸಾಲೂ ಬರೆದಿಲ್ಲ.

ಇನ್ನೊಂದು ವಿಷಯ. ಹಾಡುವಾಗ ಯಾರೂ ಮಾತಾಡಲಿಲ್ಲ. ಬಾರ್ ಹಿಂದಿನ ಹುಡುಗ ಗ್ಲಾಸಿಗೆ ಐಸ್ ಹಾಕುವುದಕ್ಕೂ ಹಾಡು ಮುಗಿಯಲಿ ಅಂತ ಕಾಯುತ್ತಿದ್ದ.

ಈಗ ನನ್ನ ಕಥೆ ಕೇಳಿ. ಹೋದ ವರ್ಷ ಇಂದಿರಾನಗರದ ಒಂದು ಜಾಗದಲ್ಲಿ (ಹೆಸರು ಬೇಡ ಬಿಡಿ) ನನ್ನದೇ ನಾಲ್ಕು ಕನ್ನಡ ಹಾಡು ಹಾಡಿದೆ. ಎರಡನೇ ಹಾಡಿನ ಮಧ್ಯೆ ಚುರ್ ಅಂತ ಹೊಗೆ ಬಿಡುತ್ತಾ ಸಿಜ್ಲರ್ ಹೋಯಿತು. ಮೂರನೆಯದಕ್ಕೆ ಪಕ್ಕದ ಟೇಬಲ್ಲಿನವರು ಹ್ಯಾಪಿ ಬರ್ತ್‌ಡೇ ಶುರು ಮಾಡಿದರು, ನಾನೂ ಬೇರೆ ದಾರಿ ಇಲ್ಲದೆ ಅದಕ್ಕೇ ಗಿಟಾರಿನಲ್ಲಿ ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳು) ಹಿಡಿದೆ. ನಾಲ್ಕನೆಯದರ ಹೊತ್ತಿಗೆ ಒಬ್ಬರು ಬಂದು "ಬ್ರೋ, ಸಿನಿಮಾ ಹಾಡು ಬರಲ್ವಾ?" ಅಂದರು.

ತ್ಯಾಗರಾಜನಗರದಲ್ಲಿ ಗೆಳೆಯನ ಮನೆ ತಾರಸಿ ಇದೆ, ನಲವತ್ತು ಜನ ಹಿಡಿಯುತ್ತದೆ. ನಾವು ನಾಲ್ಕು ಜನ ಕನ್ನಡದಲ್ಲಿ ಹಾಡು ಬರೆಯುತ್ತೇವೆ. ನಡೆಯುತ್ತಾ ಇದು? ಇನ್ನೊಂದು ತಲೆಹರಟೆ ಪ್ರಶ್ನೆ: ಬ್ರಿಟಿಷರು ಕಂಟ್ರಿ ಹಾಡುವುದು ಎರವಲು ಅನ್ನಿಸುವುದಿಲ್ವಾ? ಅವರಲ್ಲಿ ಇಬ್ಬರು ಮಾತಾಡುವಾಗ ಪಕ್ಕಾ ಇಂಗ್ಲೆಂಡು, ಹಾಡುವಾಗ ಅಮೆರಿಕದ ಟೆನೆಸಿಯ ಉಚ್ಚಾರ.

ಬ್ಯಾಂಜೊ ಬಸ್ಯಾ:

ತಲೆಹರಟೆ ಪ್ರಶ್ನೆಗೆ ಮೊದಲು ಬರುತ್ತೇನೆ, ನನಗೆ ಅದೇ ಇಷ್ಟ.

ಎರವಲು ಅಲ್ಲ ಗುರು, ಮಗಳು ತವರಿಗೆ ಬಂದಿದ್ದಾಳೆ ಅಷ್ಟೇ. ಸ್ಕಾಟ್ಲೆಂಡ್, ಇಂಗ್ಲೆಂಡ್, ಐರ್ಲೆಂಡಿನಿಂದ ಅಮೆರಿಕದ ಅಪಲೇಶಿಯನ್ ಬೆಟ್ಟಗಳಿಗೆ ಹೋಗಿ ನೆಲೆಸಿದವರು ತಮ್ಮ ಲಾವಣಿಗಳನ್ನೂ ಗಂಟುಕಟ್ಟಿಕೊಂಡು ಹೋದರು. 1916ರಿಂದ 1918ರವರೆಗೆ ಸೆಸಿಲ್ ಶಾರ್ಪ್ ಅನ್ನುವ ಇಂಗ್ಲಿಷಿನವರು, ಜೊತೆಗೆ ಮಾಡ್ ಕಾರ್ಪಲೀಸ್, ಆ ಬೆಟ್ಟಗಳಲ್ಲಿ ಅಲೆದು ಸಾವಿರಕ್ಕೂ ಜಾಸ್ತಿ ಮಟ್ಟುಗಳನ್ನು ಬರೆದುಕೊಂಡರು. ಅವುಗಳಲ್ಲಿ ಎಷ್ಟೋ ಹಾಡುಗಳ ಬೇರು ಇವರ ಊರಿನದೇ. ಆದರೆ ಮಗಳು ಬರಿಗೈಯಲ್ಲಿ ಬಂದಿಲ್ಲ. ಬ್ಯಾಂಜೊ ಅನ್ನುವ ತಂತಿವಾದ್ಯ ಆಫ್ರಿಕಾದಿಂದ ಗುಲಾಮರಾಗಿ ಬಂದವರದು, ಸ್ಟೀಲ್ ಗಿಟಾರ್ ಹವಾಯಿಯದು. ಇದನ್ನು ಮರೆತು ಬರೀ ಬಿಳಿಯರ ಸಂಗೀತ ಅನ್ನುವವರ ಜೊತೆ ನಾನು ಜಗಳ ಆಡುತ್ತೇನೆ.

ಬ್ರಿಟನ್ನಿನಲ್ಲಿ ಕಂಟ್ರಿ ಹೊಸದೂ ಅಲ್ಲ. ಲಂಡನ್ನಿನ ವೆಂಬ್ಲಿಯಲ್ಲಿ 1969ರಲ್ಲೇ ಕಂಟ್ರಿ ಉತ್ಸವ ಶುರುವಾಗಿತ್ತು. ಆದರೆ ಅಲ್ಲಿನವರೇ ಬರೆದ ಹಾಡಿಗೆ ಬೆಲೆ ಬಂದಿದ್ದು ಇತ್ತೀಚೆಗೆ. ದ ಶೈರ್ಸ್ ಅನ್ನುವ ಜೋಡಿಯ ಮೊದಲ ಆಲ್ಬಂ 2015ರಲ್ಲಿ ಅಲ್ಲಿನ ಟಾಪ್ ಹತ್ತಕ್ಕೆ ಬಂತು. ಮರುವರ್ಷ ಹ್ಯಾಂಪ್‌ಶೈರ್‌ನ ಅವಳಿ ಅಕ್ಕತಂಗಿಯರು, ವಾರ್ಡ್ ಥಾಮಸ್, ಒಂದನೇ ಸ್ಥಾನಕ್ಕೇ ಬಂದರು. ಬ್ರಿಟನ್ನಿನ ಕಂಟ್ರಿಯವರಲ್ಲಿ ಅದಕ್ಕೆ ಮೊದಲು ಯಾರೂ ಅಲ್ಲಿಗೆ ಮುಟ್ಟಿರಲಿಲ್ಲ.

ಆ ಹಾಲಿನ ಹುಡುಗಿ ಟೆನೆಸಿ ಉಚ್ಚಾರದಲ್ಲಿ ಹಾಡಿದಳಾ?

ತಾರಸಿ ಗಿಟಾರು:

ಇಲ್ಲ! ಈಗ ನೀವು ಕೇಳಿದ ಮೇಲೆ ನೆನಪಾಯಿತು, ಅವಳು ಮಾತಾಡಿದ ಹಾಗೇ ಹಾಡಿದಳು. ಬೇರೆ ಇಬ್ಬರು ಹಾಡಿದ್ದು ಪಿಕಪ್ ಟ್ರಕ್ಕು, ಹೈವೇ, ವಿಸ್ಕಿ. ಅವು ಈಗ ಒಂದೂ ನೆನಪಿಲ್ಲ.

ಧಾರವಾಡ ಫೇಡಾ:

ಮುಗೀತಲ್ಲ, ಉತ್ತರ ನೀವೇ ಕೊಟ್ಟಿರಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹುಡುಗರು ವೇದಿಕೆ ಹತ್ತಿದ ಕೂಡಲೇ "ಲೇ ತಮ್ಮಾ, ಏನ್ ಹೇಳ್ಲಿ" ಅಂತ ನಮ್ಮ ಭಾಷೆ ಹಾಕಿಕೊಂಡು ಹಾಡುತ್ತಾರೆ. ಬಾಡಿಗೆ ರುಮಾಲು ಸುತ್ತಿಕೊಂಡ ಹಾಗೆ ಇರುತ್ತದೆ. ಜಯನಗರದವರು ಜಯನಗರದ ಕನ್ನಡದಲ್ಲೇ ಜಾನಪದದ ಮಟ್ಟು ಹಿಡಿದರೆ ನನಗೇನೂ ತಕರಾರಿಲ್ಲ. ಮಟ್ಟು ಎರವಲು ತರಬಹುದು, ಅಪ್ಪನನ್ನು ಎರವಲು ತರಬಾರದು.

ಕಡಲೂರ ಭಟ್ಟ:

ನೀವೆಲ್ಲ ಲಂಡನ್ನು, ಟೆನೆಸಿ ಅಂತಿದ್ದೀರಿ. ನಾನು ಉಡುಪಿ ಕಡೆಯವನು, ಓದುತ್ತಾ ಓದುತ್ತಾ ನಗು ಬಂತು. ನಮ್ಮಲ್ಲೂ ಕಲಾವಿದರು ಎದುರುಬದುರು ಸಾಲಾಗಿ ಕೂರುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಹಾಡು, ಮಾತು, ಮತ್ತೆ ಹಾಡು. ಒಬ್ಬರು ಮಾತಾಡುವಾಗ ಎದುರಿನವರು ಕಿವಿ ಕೊಟ್ಟು ಕೂತಿರುತ್ತಾರೆ, ಯಾಕೆಂದರೆ ಮುಂದಿನ ಸರದಿ ಅವರದು, ಇವರು ಎಲ್ಲಿ ಬಿಟ್ಟರೋ ಅಲ್ಲಿಂದ ಎತ್ತಿಕೊಳ್ಳಬೇಕು. ಇದು ನಮ್ಮ ಯಕ್ಷಗಾನದ ತಾಳಮದ್ದಲೆ ಅಲ್ವಾ ಮಾರಾಯರೇ? ಹಾಡುವ ಭಾಗವತರು ಬೇರೆ, ಮಾತಾಡುವ ಅರ್ಥಧಾರಿಗಳು ಬೇರೆ ಅನ್ನುವುದೊಂದು ವ್ಯತ್ಯಾಸ. ನಿಮ್ಮವರಿಗೆ ಎರಡೂ ಕೆಲಸ ಒಬ್ಬರದೇ.

ಕೃಷ್ಣ ಸಂಧಾನಕ್ಕೆ ಹೋದ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಆದರೂ ಇವತ್ತು ಈ ಕೃಷ್ಣ ಏನು ಹೇಳುತ್ತಾನೆ, ಆ ಕೌರವ ಅದಕ್ಕೆ ಏನು ಅನ್ನುತ್ತಾನೆ ಅಂತ ಕೇಳಲು ನಮ್ಮ ಜನ ರಾತ್ರಿಯಿಡೀ ಕೂತಿದ್ದಾರೆ, ಚಾಪೆ ಮೇಲೆ. ನಮ್ಮವರಿಗೆ ಕೂತು ಕೇಳಲು ಬರುವುದಿಲ್ಲ ಅನ್ನುವುದು ಸುಳ್ಳು. ಸಿಜ್ಲರ್ ಮಾರುವ ಜಾಗದಲ್ಲಿ ಕೇಳುವುದಿಲ್ಲ, ಅಷ್ಟೇ. ಚಾಮರಾಜಪೇಟೆಯ ರಾಮನವಮಿ ಕಛೇರಿಗಳು 1939ರಿಂದ ನಡೆಯುತ್ತಿವೆ, ಅಲ್ಲಿ ಜನ ಇಲ್ವಾ?

ಸೌಂಡ್ ಕಾಕ:

ಕೆಲಸದ ಮಾತು ಯಾರೂ ಆಡುತ್ತಿಲ್ಲ, ನಾನು ಆಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಮೈಕ್ ಕಟ್ಟುತ್ತಿದ್ದೇನೆ.

ಈ ಸರದಿ ಪದ್ಧತಿಗೆ ಹೆಸರು ತಂದಿದ್ದು ಟೆನೆಸಿಯಲ್ಲಿರುವ, ಕಂಟ್ರಿ ಸಂಗೀತದ ರಾಜಧಾನಿ ಅನ್ನಿಸಿಕೊಂಡ ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆ. 1982ರಲ್ಲಿ ಶುರುವಾದ ಜಾಗ, ಸಾಲು ಅಂಗಡಿಗಳ ಮಧ್ಯೆ ಒಂದು ಮಳಿಗೆ, ತೊಂಬತ್ತು ಜನಕ್ಕೆ ತುಂಬಿಹೋಗುತ್ತದೆ. 1985ರಲ್ಲಿ ನಾಲ್ಕು ಜನ ಬರಹಗಾರರು ವೇದಿಕೆ ಬಿಟ್ಟು ಕೋಣೆಯ ನಡುವೆ ದುಂಡಗೆ ಕೂತು ಹಾಡಿದರು, ಅಲ್ಲಿಂದ ಅದೇ ರೂಢಿಯಾಯಿತು. ಮಾತಾಡಿದರೆ "ಶ್" ಅಂತ ಗದರುವುದಕ್ಕೇ ಆ ಕೆಫೆ ಹೆಸರುವಾಸಿ.

ನಿಮ್ಮ ತಾರಸಿಗೆ: ತಲೆಗೊಂದು ಮೈಕು, ಗಿಟಾರಿಗೊಂದು ಲೈನು, ಎರಡು ಸಣ್ಣ ಸ್ಪೀಕರು. ನಲವತ್ತು ಜನಕ್ಕೆ ಇದೇ ಜಾಸ್ತಿ. ಸ್ಪೀಕರನ್ನು ಹಾಡುವವರ ಹಿಂದೆ ಇಡಬೇಡಿ, ಕೂಗು ಹೊಡೆಯುತ್ತದೆ. ಸರದಿ ಇಲ್ಲದವರ ಮೈಕ್ ಇಳಿಸುವುದಕ್ಕೆ ಒಬ್ಬ ಮಿಕ್ಸರ್ ಮುಂದೆ ಕೂತಿರಲೇಬೇಕು, ಇಲ್ಲದಿದ್ದರೆ ಒಬ್ಬ ಹಾಡುವಾಗ ಪಕ್ಕದವನು ತಂತಿ ಶ್ರುತಿ ಮಾಡುವುದು ಊರಿಗೆಲ್ಲ ಕೇಳುತ್ತದೆ. ರಾತ್ರಿ 10ಕ್ಕೆ ಸ್ಪೀಕರ್ ಬಂದ್, ಅದು ಕಾನೂನು. ಆದ್ದರಿಂದ 7ಕ್ಕೆ ಶುರು ಮಾಡಿ.

ಊಟ ತಿಂಡಿ ಮೊದಲೇ ಕೊಟ್ಟುಬಿಡಿ. ಶುರುವಾದ ಮೇಲೆ ಬಾಗಿಲು ಹಾಕಿ. ರಂಗಶಂಕರ ನಾಟಕಮಂದಿರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಮೊದಮೊದಲು ಜನ ಗೊಣಗಿದರು, ಈಗ ಅದೇ ಜನ ಜೆ.ಪಿ. ನಗರದಲ್ಲಿ ಪಾರ್ಕಿಂಗ್ ಸಿಗಲ್ಲ ಅಂತ ಅರ್ಧ ಗಂಟೆ ಮುಂಚೆ ಬರುತ್ತಾರೆ.

ಅಂಕಿತ ಇಲ್ಲದವಳು:

ನಾನು ಸುಗಮ ಸಂಗೀತದವಳು. ಒಂದು ಹೆದರಿಕೆ ಹೇಳಿಬಿಡುತ್ತೇನೆ. "ಹಾಡಿನ ಬಗ್ಗೆ ಎರಡು ಮಾತು" ಅನ್ನುವುದು ನಮ್ಮಲ್ಲಿ ಎರಡು ಮಾತಲ್ಲಿ ಮುಗಿಯುವುದಿಲ್ಲ. ನಮ್ಮ ಕಾರ್ಯಕ್ರಮಗಳ ನಿರೂಪಕರನ್ನು ನೋಡಿದ್ದೀರಲ್ಲ. ಕವಿತೆಯಲ್ಲಿ ಮಳೆ ಅಂತ ಇದ್ದರೆ ಇವರು ಮಳೆ ಅಂದರೆ ಏನು ಅಂತ ಹತ್ತು ನಿಮಿಷ ಹೇಳುತ್ತಾರೆ, ಅಷ್ಟರಲ್ಲಿ ತಬಲಾದವರು ಎರಡು ಸಲ ಶ್ರುತಿ ಮಾಡಿಕೊಂಡಿರುತ್ತಾರೆ. ಸ್ವಾಗತ ಭಾಷಣ, ಶಾಲು, ಹಾರ, ಮುಖ್ಯ ಅತಿಥಿಗಳ ನಾಲ್ಕು ಹಿತನುಡಿ, ಇವು ಯಾವುವೂ ತಾರಸಿ ಮೆಟ್ಟಿಲು ಹತ್ತದ ಹಾಗೆ ನೋಡಿಕೊಳ್ಳಿ. ಹಾಲಿನ ಹುಡುಗಿ ಎಷ್ಟು ಹೊತ್ತು ಮಾತಾಡಿದಳು? ನಿಮಿಷಕ್ಕಿಂತ ಜಾಸ್ತಿ ಇರಲಿಕ್ಕಿಲ್ಲ. ಗಾಡಿ ನಿಂತರೆ ಅಪ್ಪ ಇಳಿದ ಹಾಗೆ, ಅಷ್ಟು ಕೊಟ್ಟಳು, ಮಿಕ್ಕಿದ್ದು ಅಂಗೈಯಿಂದ ಮಾಡಿ ತೋರಿಸಿದಳು.

ಆದರೆ ಬರೆದವರೇ ಹಾಡುವುದು ಅನ್ನುವುದು ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಕವಿ ಒಬ್ಬರು, ಮಟ್ಟು ಹಾಕುವವರು ಒಬ್ಬರು, ಹಾಡುವವರು ಇನ್ನೊಬ್ಬರು. 1978ರ ನಿತ್ಯೋತ್ಸವ ಕ್ಯಾಸೆಟ್ಟಿನಲ್ಲಿ ಕವಿತೆ ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಎಷ್ಟು ಚೆನ್ನಾಗಿ ಬಂತು! ಆ ದಾರಿಯೂ ಇರಲಿ. ಆದರೆ ಅದಕ್ಕಿಂತ ಹಿಂದೆ ಹೋದರೆ ದಾಸರು ತಾವೇ ಕಟ್ಟಿ ತಾವೇ ಹಾಡಿದವರು. ಕೊನೇ ಸಾಲಲ್ಲಿ ಪುರಂದರ ವಿಠಲ ಅಂತ ಅಂಕಿತ ಬಂತು ಅಂದರೆ ಬರೆದವರು ಯಾರು ಅಂತ ಮತ್ತೆ ಹೇಳಬೇಕಾಗಿಲ್ಲ. ಶರೀಫರದೂ ಹಾಗೇ. ನ್ಯಾಶ್‌ವಿಲ್‌ನಲ್ಲಿ ಅಂಕಿತ ಇಲ್ಲ, ಇನ್ನೊಬ್ಬರು ಹಾಡಿ ಗೆದ್ದ ಹಾಡನ್ನು ಬರೆದವರು ಸ್ಟೂಲ್ ಮೇಲೆ ಕೂತು "ಇದು ನಂದು" ಅಂತ ಹೇಳಿಕೊಳ್ಳಬೇಕು.

ಬ್ಯಾಂಜೊ ಬಸ್ಯಾ:

ಅಂಕಿತದ ಮಾತು ಸೂಪರ್ ಅಕ್ಕ. ಅದಕ್ಕೇ ಇನ್ನೊಂದು ಸೇರಿಸುತ್ತೇನೆ. ಒಬ್ಬರ ಹಾಡಿಗೆ ಪಕ್ಕದವರು ತಕ್ಷಣ ನುಡಿಸುವುದು ಹೇಗೆ ಅಂತ ನಾನು ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ನ್ಯಾಶ್‌ವಿಲ್‌ನವರು ಕಾರ್ಡುಗಳಿಗೆ ಹೆಸರು ಹೇಳುವುದಿಲ್ಲ, ನಂಬರ್ ಹೇಳುತ್ತಾರೆ. ಒಂದು, ನಾಲ್ಕು, ಐದು. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಸ್ಟುಡಿಯೋ ಕೆಲಸಕ್ಕೆ ಅಂತ ಮಾಡಿಕೊಂಡ ಪದ್ಧತಿ. ಹಾಡುವವರ ಗಂಟಲಿಗೆ ತಕ್ಕ ಹಾಗೆ ಶ್ರುತಿ ಎಲ್ಲಿಗಾದರೂ ಹೋಗಲಿ, ನಂಬರ್ ಬದಲಾಗುವುದಿಲ್ಲ. ಸ, ಮ, ಪ ಅಂದುಕೊಂಡರೆ ಆಯಿತು, ನಮ್ಮ ಸಂಗೀತ ಕಲಿತ ಮಕ್ಕಳಿಗೆ ಐದು ನಿಮಿಷದ ಪಾಠ. ನಿಮ್ಮ ನಾಲ್ವರೂ ಒಬ್ಬರ ಹಾಡಿನ ನಂಬರನ್ನು ಇನ್ನೊಬ್ಬರು ಚೀಟಿಯಲ್ಲಿ ಬರೆದು ತೊಡೆ ಮೇಲೆ ಇಟ್ಟುಕೊಳ್ಳಿ, ಸರದಿ ಇಲ್ಲದಾಗ ಸುಮ್ನೆ ಕೂರುವ ಬದಲು ಸಣ್ಣಗೆ ನುಡಿಸಬಹುದು. ಸಣ್ಣಗೆ! ಪಕ್ಕದವರ ಹಾಡಿನಲ್ಲಿ ಸೋಲೊ ಹೊಡೆಯುವವನನ್ನು ಮುಂದಿನ ಸಲ ಕರೆಯಬೇಡಿ.

ದುಡ್ಡಿನ ವಿಷಯಕ್ಕೆ: ಬ್ರಿಟನ್ನಿನಲ್ಲಿ ಪಬ್ ಮಹಡಿಯ ಶೋಗೂ ಹಾಡಿನ ಪಟ್ಟಿಯನ್ನು ಪಿ.ಆರ್.ಎಸ್.ಗೆ (ಹಾಡು ಬರೆದವರ ಪರವಾಗಿ ಹಣ ವಸೂಲಿ ಮಾಡಿ ಹಂಚುವ ಸಂಸ್ಥೆ) ಕೊಟ್ಟರೆ ಬರೆದವರಿಗೆ ಒಂದಿಷ್ಟು ಬರುತ್ತದೆ. 1914ರ ಸಂಸ್ಥೆ ಅದು. ನಮ್ಮಲ್ಲೂ ಅಂಥದ್ದೇ ಐ.ಪಿ.ಆರ್.ಎಸ್. 1969ರಿಂದ ಇದೆ. ಹಾಡು ಬರೆಯುವವರು ಅಂತ ಅನ್ನಿಸಿಕೊಳ್ಳಬೇಕಾದರೆ ನಾಲ್ವರೂ ಮೆಂಬರ್ ಆಗುವುದರ ಬಗ್ಗೆ ಯೋಚನೆ ಮಾಡಿ.

ತಾರಸಿ ಗಿಟಾರು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗೆಳೆಯನ ಮನೆಗೆ ಹೋಗಿ ಅವನ ಅಮ್ಮನ ಹತ್ತಿರ ಮಾತಾಡಿದೆ. ಅವರು ಹಾಕಿದ ಷರತ್ತು ಎರಡು. ತುಳಸಿ ಕಟ್ಟೆ ಸರಿಸಬಾರದು, ಪಕ್ಕದ ಮನೆ ಅಜ್ಜಿಯನ್ನು ಕರೆಯಬೇಕು. ಅಜ್ಜಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಅವರ ಕಿಟಕಿ ತಾರಸಿ ಕಡೆಗೇ ಇದೆ, ಅಲ್ಲಿಂದಲೇ ಕೇಳುತ್ತಾರಂತೆ. "ಹತ್ತಕ್ಕೆ ನಿಲ್ಲಿಸಬೇಡಿ, ಒಂಬತ್ತೂವರೆಗೆ ನಿಲ್ಲಿಸಿ, ನನಗೆ ನಿದ್ದೆ ಬರುತ್ತೆ" ಅಂತ ಅಜ್ಜಿ ಅಂದರು.

ಭಟ್ಟರು ಹೇಳಿದ ಹಾಗೆ ಎದುರುಬದುರು ಕೂರುತ್ತೇವೆ. ಮಾತು ಒಂದು ನಿಮಿಷ, ಸುಗಮ ಸಂಗೀತದ ಅಕ್ಕನೇ ಬಂದು ಗಡಿಯಾರ ಹಿಡಿದು ಕೂತರೆ ಸಂತೋಷ. ನಾನು ಹಾಲಿನ ಬೂತಿನ ಮೇಲೆ ಬರೆಯಲು ಕೂತೆ, ಆದರೆ ಅದು ಆ ಹುಡುಗಿಯ ಹಾಡೇ ಆಗಿ ಬರುತ್ತಿದೆ, ಬಿಟ್ಟುಬಿಟ್ಟೆ. ಈಗ ಅಪ್ಪನ ಬಿ.ಟಿ.ಎಸ್. ಬಸ್ ಪಾಸಿನ ಮೇಲೆ ಬರೆಯುತ್ತಿದ್ದೇನೆ, ಎರಡು ಚರಣ ಆಗಿದೆ.

ಶಾಮಿಯಾನದವರ ಹತ್ತಿರ ನಲವತ್ತು ಕುರ್ಚಿ ಹೇಳಿದ್ದೇನೆ. ಕಬ್ಬಿಣದ್ದು ಆರು ರೂಪಾಯಿಗೆ, ಪ್ಲಾಸ್ಟಿಕ್ ಹತ್ತಕ್ಕೆ ಅಂತಿದ್ದಾರೆ. ಕಬ್ಬಿಣದ್ದೇ ಸಾಕಾ?

ಸೌಂಡ್ ಕಾಕ:

ಬೇಡ. ತಾರಸಿ ಮೇಲೆ ಕಬ್ಬಿಣದ ಕುರ್ಚಿ ಒಬ್ಬ ಎಳೆದರೂ ಕಿರ್ರ್ ಅಂತ ನಾಲ್ಕೂ ಮೈಕಲ್ಲಿ ಬರುತ್ತದೆ. ಪ್ಲಾಸ್ಟಿಕ್ ತರಿಸಿ. ಇಲ್ಲವೇ ಜಮಖಾನ ಹಾಸಿ.